ಹನ್ನೊಂದರಿಂದ ಐದು

ಆ ಜನವರಿ ಡ್ಯಾನ್ಯೂಬ್ ಅಂಚಿನಲ್ಲಿ ಕೆನೆಗಟ್ಟಿತ್ತು.
ಗಲಾತ್ಸಿಯ ಹಡಗುಕಟ್ಟೆಯಲ್ಲಿ ನನ್ನ ಕೆಲಸ
ತೊಲೆಗಳಿಗೆ, ತಗಡುಗಳಿಗೆ
ಅವವುಗಳ ಸ್ವರ ಹುಡುಕಿಕೊಡುವುದು.
ಸ್ವರ ಅಂದರೆ ಹಾಡಲ್ಲ, ಒಂದು ಸಂಖ್ಯೆ.
ಅದು ಎಂಜಿನ್ನಿನ ಸಂಖ್ಯೆಗೆ ತಾಗಿತೋ
ಅಡುಗೆಯವನ ತಟ್ಟೆ ಮೇಜಿನ ಮೇಲೆ ತಾನೇ ನಡೆಯುತ್ತದೆ,
ಬೆಸುಗೆ ಬಿರಿಯುತ್ತದೆ,
ನನಗೆ ಕಾರಣ ಕೇಳಿ ಕಾಗದ ಬರುತ್ತದೆ.

ಬರಿಯ ತಗಡು ಸುಲಭ.
ಉದ್ದ, ಅಗಲ, ದಪ್ಪ, ಉಕ್ಕಿನ ಹಟ,
ಸ್ಲೈಡ್ ರೂಲಿನ ಮೇಲೆ ಹತ್ತು ನಿಮಿಷ.
ತಕರಾರು ಶುರುವಾಗುವುದು
ಯಾರೋ ಬಂದು ಅದರ ಮೇಲೆ ಏನನ್ನೋ ಇಟ್ಟಾಗ.
ಎಷ್ಟು ಭಾರ ಅನ್ನುವುದು ಅರ್ಧ ಪ್ರಶ್ನೆ,
ಎಲ್ಲಿ ಕೂತಿದೆ ಅನ್ನುವುದು ಉಳಿದರ್ಧ.
ಅಲುಗದ ಗೆರೆಯ ಮೇಲೆ ಆನೆ ಕೂತರೂ
ಆ ಸ್ವರಕ್ಕೆ ಸುದ್ದಿ ಮುಟ್ಟುವುದಿಲ್ಲ;
ಉಬ್ಬಿ ತಗ್ಗುವ ನಟ್ಟನಡುವೆ
ಮರೆತುಬಿಟ್ಟ ಸುತ್ತಿಗೆಗೂ ಅಂಕೆ ತುಸು ತಲೆತಗ್ಗಿಸುತ್ತದೆ.

ಬಾಯ್ಲರ್ ಕೋಣೆಯ ಮೇಲಿನ ಏಳನೆಯ ಫಲಕ.
ತೂಕ ಸಾವಿರದ ಇನ್ನೂರು ಕಿಲೋ.
ಅದರಲ್ಲಿ ಕಾಲು ಪಾಲು ಮಾತ್ರ ಕುಣಿಯುತ್ತದೆಂದು ಲೆಕ್ಕ,
ಉಳಿದದ್ದು ಅಂಚು ಹಿಡಿದು ನೋಡುತ್ತಿರುತ್ತದೆ
ಮದುವೆಮನೆಯ ಹಿರಿಯರಂತೆ.
ನನ್ನ ಉತ್ತರ: ಹನ್ನೆರಡು ದಶಮಾಂಶ ನಾಲ್ಕು.
ದೂರದ ಪಂಪಿನ ನಡುಕಕ್ಕೆ ಕಿವಿಗೊಟ್ಟು
ರಾತ್ರಿಯಿಡೀ ಬರೆಯಲೆಂದು
ಮುಳ್ಳಿನ ಯಂತ್ರ ಬಿಟ್ಟು ಮನೆಗೆ ಹೋದೆ.

ಬೆಳಗ್ಗೆ ಸುರುಳಿ ಬಿಚ್ಚಿದರೆ,
ಹನ್ನೊಂದರವರೆಗೆ ಹನ್ನೆರಡು ದಶಮಾಂಶ ನಾಲ್ಕು.
ಹನ್ನೊಂದರಿಂದ ಐದರವರೆಗೆ ಬರೀ ಹನ್ನೊಂದು.
ಐದಕ್ಕೆ ಮತ್ತೆ ನನ್ನ ಸಂಖ್ಯೆ,
ಏನೂ ಆಗೇ ಇಲ್ಲವೆಂಬಂತೆ.

ಕಬ್ಬಿಣಕ್ಕೆ ವೇಳಾಪಟ್ಟಿ ಇರುವುದಿಲ್ಲ.

ಹಿಂದುಮುಂದಾಗಿ ಲೆಕ್ಕ ಹಾಕಿದೆ:
ಎರಡು ಸಂಖ್ಯೆಗಳ ಅನುಪಾತ, ಅದರ ವರ್ಗ, ಒಂದು ಕಳೆ,
ಕುಣಿಯುವ ಮುನ್ನೂರರಿಂದ ಗುಣಿಸು.
ಎಂಬತ್ತೊಂದು ಕಿಲೋ, ನಡುವಿನಲ್ಲಿದ್ದರೆ.
ಎರಡನೆಯ ಸ್ವರ ಕದಲಿಲ್ಲ, ಅಂದರೆ ನಡುಗೆರೆಯ ಮೇಲೇ ಇದೆ.
ಶಿಖರ ಮಾತ್ರ ಮೊಂಡಾಗಿ ಅಗಲಿಸಿದೆ,
ಉಕ್ಕು ಹಾಗೆ ಮಾಡುವುದಿಲ್ಲ.
ಮೆತ್ತಗಿನದೇನೋ, ನಡುಕವನ್ನು ನುಂಗಿಕೊಳ್ಳುವಂಥದ್ದು.
ಎರಡು ಗಂಟೆ ಹತ್ತು ನಿಮಿಷಕ್ಕೆ
ಆ ಎರಡನೆಯ ಸ್ವರವೂ ಕೂದಲೆಳೆಯಷ್ಟು ಇಳಿದು
ಅಲ್ಲೇ ನಿಂತಿತ್ತು.
ಆಗ ತಿಳಿಯಿತು. ಮಗ್ಗುಲು ಬದಲಿಸಿದ್ದಾನೆ.

ಮರುರಾತ್ರಿ ಬೂಟು ಕೈಯಲ್ಲಿ ಹಿಡಿದು ಏಣಿ ಹತ್ತಿದೆ.
ಬಣ್ಣ ಬಳಿಯುವ ಪಾಂಪಿಲಿಯು,
ಹತ್ತಿಯ ಕೋಟು, ಟೋಪಿ, ತಲೆಯಡಿ ಕುಂಚದ ಚೀಲ,
ಬೆಚ್ಚಗಿನ ತಗಡಿಗೆ ಕೆನ್ನೆ ಒತ್ತಿ
ಮಗುವಿನ ಹಾಗೆ ಬಾಯಿ ತೆರೆದು.
ಅವನ ಬ್ಲಾಕಿನಲ್ಲಿ ಶಾಖ ಬರುವುದು ದಿನಕ್ಕೆ ಎರಡು ಗಂಟೆ,
ಬಂದರೆ.
ನನ್ನದರಲ್ಲೂ ಅಷ್ಟೇ.
ಒಂದು ಗಳಿಗೆ, ಸುಳ್ಳೇಕೆ,
ಪಕ್ಕದಲ್ಲಿ ನನ್ನ ಅರವತ್ತೆರಡು ಕಿಲೋ ಸೇರಿಸಿದರೆ
ಎಷ್ಟಾದೀತೆಂದು ಲೆಕ್ಕ ಹಾಕಿದೆ.

ಒಂದು ದಶಮಾಂಶ ನಾಲ್ಕು ಎಲ್ಲಿ ಹೋಯಿತೆಂದು ಕೇಳಿದ
ಮುಖ್ಯ ಎಂಜಿನಿಯರ್ ದ್ರಗುಲೆಸ್ಕು.
ಚಳಿಗೆ ಪೆನ್ನಿನ ಶಾಯಿ ಗಟ್ಟಿಯಾಗಿತ್ತು ಎಂದೆ.
ಆತ ಸುರುಳಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
'ಸ್ಮರಾಂದಾ, ಶಾಯಿ ಗೊರಕೆ ಹೊಡೆಯುತ್ತದೆಯೇ?' ಅಂದು
ರುಜು ಹಾಕಿದ.

ಮಾರ್ಚಿನಲ್ಲಿ ಅದೇ ಜಾಗಕ್ಕೆ ಜನರೇಟರ್ ಬಂತು,
ನಾನೂರು ಕಿಲೋ, ನಾಲ್ಕು ಬೋಲ್ಟು.
ಎಂಟು ದಶಮಾಂಶ ಒಂದು ಎಂದಿದ್ದೆ, ಎಂಟು ದಶಮಾಂಶ ಒಂದೇ ಬಂತು.
'ಸೇರಿಸಿದ ಭಾರಗಳು' ಎಂಬ ಕೋಷ್ಟಕದಲ್ಲಿ
ಅದಕ್ಕೊಂದು ಸಾಲು, ಒಂದು ಕ್ರಮಸಂಖ್ಯೆ.
ಅದರ ಮೇಲಿನ ಸಾಲು ಖಾಲಿ ಬಿಟ್ಟಿದ್ದೇನೆ.
ಟೈಪು ಮಾಡುವ ಹುಡುಗಿ ತಪ್ಪೆಂದುಕೊಂಡು
ಎರಡು ಸಲ ಮುಚ್ಚಿದಳು.
ಎರಡು ಸಲವೂ ಬಿಡಿಸಿ ಬರೆಸಿದೆ.